ಎಂಟಲ್ಲ, ಒಂದು

ಸಭೆಯ ಅಧ್ಯಕ್ಷರಾದ ಪೂಜ್ಯ ಸಂಗಯ್ಯನವರೇ, ಹುನಗುಂದದಿಂದ ಧೂಳು ಕುಡಿಯುತ್ತ ಬಂದು ಮುಖ್ಯ ಅತಿಥಿಗಳ ಕುರ್ಚಿಯಲ್ಲಿ ಕುಳಿತಿರುವ ಹಿರಿಯರೇ, ನಮ್ಮ ಇಳಕಲ್ಲಿನ ಅಮಾವಾಸ್ಯೆ ಚೌಕಾಬಾರ ಬಳಗದ ಬಂಧುಗಳೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ಒಗ್ಗರಣೆ ಅವಲಕ್ಕಿಯ ವಾಸನೆ ಹಿಡಿದಿರುವ ಸಭಿಕರೇ,

ಈಗ ತಾನೇ ನನಗೆ ಶಾಲು ಹೊದಿಸಿದಿರಿ. ಹೊದಿಸಿದವನು ನನ್ನ ಮೂವತ್ತು ವರ್ಷದ ಗೆಳೆಯ, ಅಮೀನಗಡದ ಒಕ್ಕಲಿಗ ಅಂದಾನಪ್ಪ. ಅವನು ಶಾಲು ಬಿಚ್ಚಿಕೊಂಡು ಮೊದಲು ಹೋಗಿದ್ದು ಸಂಗಯ್ಯನವರ ಹೆಗಲಿಗೆ. ನೀವೆಲ್ಲ ನಕ್ಕಿರಿ. ಸಂಗಯ್ಯನವರೂ ನಕ್ಕರು. ಅಂದಾನಪ್ಪನೂ ನಕ್ಕ. ನಗದೆ ಇದ್ದವನು ನಾನೊಬ್ಬನೇ. ಯಾಕೆ ಎಂದು ಹೇಳುತ್ತೇನೆ. ಮಗ ಶ್ರೀಧರ ಚೆಂದಾಗಿ ಎರಡು ಹಾಳೆ ಭಾಷಣ ಬರೆದುಕೊಟ್ಟಿದ್ದಾನೆ. ಅದನ್ನು ಈಗ ಮಡಿಚಿ ಜೇಬಿಗೆ ಹಾಕಿಕೊಂಡೆ.

ನಿರೂಪಕರು ನನ್ನನ್ನು ಏನೆಂದು ಹೊಗಳಿದರು? "ಏಳು ವರ್ಷ ಒಂದೇ ಒಂದು ಆಟ ಸೋಲದ ಸರದಾರ, ನೇಕಾರ ಶಿವಲಿಂಗಪ್ಪನವರು" ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಚಪ್ಪಾಳೆ ತಟ್ಟುವಾಗ ನಿಮಗೆ ನಾಚಿಕೆ ಬರಲಿಲ್ಲವೇ? ಸಿಟ್ಟಾಗಬೇಡಿ, ಅತಿಥಿಗಳಿಗೆ ಗೊತ್ತಿಲ್ಲ, ಅವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ಅಮಾವಾಸ್ಯೆಗೆ ನಾವು ಮಗ್ಗ ತುಳಿಯುವುದಿಲ್ಲ, ಒಕ್ಕಲಿಗರು ಎತ್ತು ಹೂಡುವುದಿಲ್ಲ. ಅಂದು ಸಂಜೆ ಇದೇ ಹಾಲಿನಲ್ಲಿ ಜಮಖಾನೆ ಹಾಸಿ, ಬಟ್ಟೆಯ ಮೇಲೆ ಮನೆ ಬರೆದು, ಚೌಕಾಬಾರ ಆಡುತ್ತೇವೆ. ನಾಲ್ಕು ಕವಡಿ. ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ ಕಾಯಿ ನಡೆಯುತ್ತದೆ. ನಾಲ್ಕೂ ಬೋರಲು ಬಿದ್ದರೆ ಎಂಟು. ಮೊದಮೊದಲು ಎಸೆದವನೇ ಎಣಿಸುತ್ತಿದ್ದ. ಜಗಳವಾಗಿ ಅಂಗಿ ಹರಿಯುತ್ತಿದ್ದವು. ಆಗ ಬಳಗ ಒಂದು ಕಟ್ಟಳೆ ಮಾಡಿತು. ಎಸೆದವನು ಎಣಿಸಬಾರದು, ಎದುರು ಕುಳಿತವನು ಎಣಿಸಿ ಕೂಗಬೇಕು, ಕಾಯಿಯನ್ನು ಬಳಗದ ಹಿರಿಯರಾದ ಈರಪ್ಪನವರು ನಡೆಸಬೇಕು. ಎದುರಾಳಿ ನಿನಗೆ ಹೆಚ್ಚು ಕೂಗುತ್ತಾನೆಯೇ? ಮೋಸಕ್ಕೆ ಜಾಗವೇ ಇಲ್ಲ ಎಂದು ನಾವೆಲ್ಲ ಬೀಗಿದೆವು.

ಏಳು ವರ್ಷದ ಹಿಂದೆ ಏನಾಯಿತೆಂದರೆ, ಈ ಹಾಲಿನ ಟ್ಯೂಬ್‌ಲೈಟು ಮಂಕಾಯಿತು. ಬಜಾರಿನಲ್ಲಿ ಬರುವ ನೂಲಿನ ಬಣ್ಣವೂ ಮಂಕಾಯಿತು. ಹೆಂಡತಿ ರತ್ನಾಬಾಯಿ ಅಕ್ಕಿ ಆರಿಸುವುದನ್ನೂ ಬಿಟ್ಟಳು, ಅನ್ನದಲ್ಲಿ ಹರಳು ಸಿಗತೊಡಗಿದವು. ಲೋಕವೇ ಕೆಟ್ಟಿತು ಎಂದು ನಾನು ಎಲ್ಲರನ್ನೂ ಬೈದೆ. ನನ್ನ ಕಣ್ಣು ಕೆಟ್ಟಿರಬಹುದು ಎಂಬ ವಿಚಾರ ಒಂದು ದಿನವೂ ಬರಲಿಲ್ಲ. ಹೇಗೆ ಬರಬೇಕು? ಚೌಕಾಬಾರದಲ್ಲಿ ನನ್ನಂಥವನಿಲ್ಲ! ಎಸೆದರೆ ಎಂಟು, ಎಸೆದರೆ ನಾಲ್ಕು. ಎದುರಿನವನಿಗೆ ನಾನು ಅಂದಾಜಿಗೆ ಕೂಗಿದ್ದಕ್ಕೂ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಒಮ್ಮೆ ಆಟದ ನಡುವೆ ಕರೆಂಟು ಹೋಯಿತು. ಮೇಣದ ಬತ್ತಿ ತರುವುದರೊಳಗೆ ನನ್ನ ಎರಡು ಕಾಯಿ ನಡುಮನೆ ಸೇರಿ ಹಣ್ಣಾಗಿದ್ದವು. ಅದನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಎಂಥ ಹುಂಬ ನಾನು!

ಸೋತವನು ಯಾರು? ಹೆಚ್ಚಾಗಿ ಇದೇ ಅಂದಾನಪ್ಪ. ನಾನು ಅವನಿಗೆ 'ಸೋಲಪ್ಪ' ಎಂದು ಹೆಸರಿಟ್ಟೆ. ಬೀಗರ ಮನೆಯ ಮದುವೆಯಲ್ಲಿಯೂ ಹಾಗೆಯೇ ಕರೆದೆ. ಅವನು ಕರದಂಟಿನ ಪೊಟ್ಟಣ ತಂದು ನನ್ನ ಕೈಯಲ್ಲಿಡುತ್ತ, "ನೀ ಗೆದ್ದೀ, ನೀನ ತಿನ್ನಪಾ" ಎನ್ನುತ್ತಿದ್ದ. ಮುಂದಿನ ಅಮಾವಾಸ್ಯೆಗೆ ಮತ್ತೆ ಬಸ್ಸು ಹತ್ತಿ ಬರುತ್ತಿದ್ದ.

ಈ ವರ್ಷ ಯುಗಾದಿ ಅಮಾವಾಸ್ಯೆಗೆ ಅವನ ಬಸ್ಸು ತಡವಾಯಿತು. ಹೊಸದಾಗಿ ಶಿರೂರಿನಿಂದ ನಮ್ಮ ಮನೆ ತುಂಬಿದ್ದ ಸೊಸೆ ಚೇತನಾ ಆಟ ನೋಡಲು ಬಂದಿದ್ದಳು. "ನೀನ ಕೂಡ್ರು ಬಾರವಾ, ನಿಮ್ಮ ಮಾವನ ಕೈ ಎಂಥಾದ್ದು ನೋಡು" ಎಂದು ನಾನೇ ಎದುರು ಕೂರಿಸಿದೆ. ಎಸೆದೆ.

"ಒಂದ್ರಿ, ಮಾವಾರ."

ಎಸೆದೆ. "ಎರಡ್ರಿ." ಮತ್ತೆ ಎಸೆದೆ. "ಮೂರ್ರಿ."

ನನ್ನ ಒಂದೊಂದೇ ಕಾಯಿ ಕಡಿದುಹೋಯಿತು. ಏಳು ವರ್ಷದಲ್ಲಿ ಮೊದಲ ಸಲ ಸೋಲು ಮೂಗಿನ ತುದಿಗೆ ಬಂದು ನಿಂತಾಗ ನನಗೆ ತಡೆಯಲಾಗಲಿಲ್ಲ. ತುಂಬಿದ ಸಭೆಯಲ್ಲಿ, "ನಿನಗ ತವರ ಮನ್ಯಾಗ ಎಣಿಸಾಕ ಕಲಿಸಿಲ್ಲೇನು?" ಎಂದು ಒದರಿದೆ. ಹೊಸ ಸೊಸೆಗೆ ಆಡುವ ಮಾತೇ ಅದು? ಅವಳು ಅಳಲಿಲ್ಲ, ಏಳಲೂ ಇಲ್ಲ. ಸೊಸೆ ಮಾವನ ಕೈ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ಕವಡಿ ಬಿದ್ದಿದ್ದ ಬಟ್ಟೆಯನ್ನೇ ಮೆಲ್ಲಗೆ ನನ್ನ ಕಡೆ ಎಳೆದಳು.

"ಬೆರಳ ಆಡಿಸಿ ನೋಡ್ರಿ, ಮಾವಾರ" ಎಂದಳು.

ನೇಕಾರನ ಬೆರಳು ಸುಳ್ಳು ಹೇಳುವುದಿಲ್ಲ. ಆಡಿಸಿದೆ. ಒಂದು ಕವಡಿ ನುಣ್ಣಗೆ ಬೋರಲು. ಉಳಿದ ಮೂರರ ಬಾಯಿ ಬೆರಳಿಗೆ ಸಿಕ್ಕಿತು. ಮೂರೇ. ಅವಳು ಹೇಳಿದ್ದು ಖರೆ.

ತಲೆ ಎತ್ತಿ, "ಈರಪ್ಪನವರ, ಇದು ಮೂರ ಏನ್ರಿ?" ಎಂದೆ. ಈರಪ್ಪನವರು ಕೆಮ್ಮಿದರು. ಆ ಕೆಮ್ಮಿನಲ್ಲಿ ನನಗೆ ಎಲ್ಲ ತಿಳಿಯಿತು. ಏಳು ವರ್ಷ! ಎದುರು ಕುಳಿತವರೆಲ್ಲ ಬಿದ್ದದ್ದಕ್ಕಿಂತ ಹೆಚ್ಚು ಕೂಗುತ್ತ ಬಂದಿದ್ದಾರೆ. ಇಡೀ ಬಳಗಕ್ಕೆ ನನ್ನ ಕಣ್ಣು ಹೋಗಿದ್ದು ಗೊತ್ತು. ನನಗೊಬ್ಬನಿಗೇ ಗೊತ್ತಿಲ್ಲ! ಕವಡಿ ಅಲ್ಲಿಯೇ ಬಿಟ್ಟು ಎದ್ದೆ.

ಮನೆಗೆ ಹೋಗಿ ರತ್ನಾಬಾಯಿಯನ್ನು ಕೇಳಿದೆ. "ಮಗ್ಗದ ಮ್ಯಾಲೆ ಹರದ ಎಳಿ ನಿಮಗ ಕಾಣಂಗಿಲ್ರಿ. ನಸುಕಿನ್ಯಾಗ ಎದ್ದು ನಾನ ಗಂಟ ಹಾಕ್ತೇನಿ. ಹೇಳಿದ್ರ ನೀವು ಮಗ್ಗ ಇಳಿದ ಬಿಡ್ತೀರಿ ಅಂತ ಅಂಜಿದೆ" ಎಂದಳು. ನಾನು ನೇಯ್ದೆ ಎಂದುಕೊಂಡ ಸೀರೆಯೂ ಪೂರಾ ನನ್ನದಲ್ಲ. ಸಭಿಕರೇ, ಒಂದೇ ದಿನ ಒಬ್ಬ ಮನುಷ್ಯ ಇಂಥವು ಎಷ್ಟು ಕೇಳಬೇಕು?

ಸೊಸೆಯೇ ಹಟ ಹಿಡಿದು ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಕರೆದೊಯ್ದಳು. ಪೊರೆ ತೆಗೆದರು. ಪಟ್ಟಿ ಬಿಚ್ಚಿದಾಗ ಕಂಡ ಮೊದಲ ಮುಖ ಚೇತನಾಳದು. ಅಲ್ಲಿಯವರೆಗೆ ನನ್ನ ಸೊಸೆಯ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಹೋದ ತಿಂಗಳು ಮಣ್ಣೆತ್ತಿನ ಅಮಾವಾಸ್ಯೆಗೆ ಹಲ್ಲು ಕಡಿಯುತ್ತಲೇ ಬಂದೆ. ಅಂದಾನಪ್ಪನನ್ನು ನಾಲ್ಕು ಮಂದಿಯ ಮುಂದೆ ಝಾಡಿಸಬೇಕು, ನನಗೆ ಗೆಲುವನ್ನು ಭಿಕ್ಷೆ ಹಾಕಲು ನೀನು ಯಾರು ಎಂದು ಕೇಳಬೇಕು. ಮೊದಲು ಅವನನ್ನು ಸುಳ್ಳು ಕೂಗುವಾಗಲೇ ಹಿಡಿಯೋಣ ಎಂದು, ಕಣ್ಣು ಬಂದದ್ದನ್ನು ಅವನಿಗೆ ಹೇಳದೆ ಸುಮ್ಮನೆ ಎಸೆದೆ. ಎರಡು. ಹಗಲಿನ ಹಾಗೆ ಕಾಣುತ್ತಿದೆ, ಎರಡು. "ಎಂಟು!" ಎಂದು ಕೂಗಿದ ಪುಣ್ಯಾತ್ಮ. ಬೈಯಲು ಬಾಯಿ ತೆರೆದೆ.

ಆಗ ಅವನು ತನ್ನ ಆಟಕ್ಕೆ ಕವಡಿ ಎತ್ತಲು ಕೈ ಚಾಚಿದ. ಆ ಕೈ ಬಟ್ಟೆಯ ಮೇಲೆ ತಡವರಿಸಿತು. ಮೂರು ಸಿಕ್ಕವು, ನಾಲ್ಕನೆಯದು ಅವನ ಮೊಣಕಾಲಿನ ಹತ್ತಿರವೇ ಇತ್ತು, ಸಿಗಲಿಲ್ಲ. ಈರಪ್ಪನವರು ಮೆಲ್ಲಗೆ ಅದನ್ನು ಅವನ ಬೆರಳ ಕಡೆ ತಳ್ಳಿದರು. ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅವನಿಗೂ ಕಾಣುವುದಿಲ್ಲ! ಮೊದಲು ನನ್ನ ಮೇಲಿನ ಕರುಣೆಗೆ 'ಎಂಟು' ಎಂದಿದ್ದಾನೆ, ಆಮೇಲೆ ಕಾಣದೆ 'ಎಂಟು' ಎಂದಿದ್ದಾನೆ. ಒಂದು ಮುಗಿದು ಇನ್ನೊಂದು ಶುರುವಾದದ್ದು ಅವನಿಗೂ ತಿಳಿದಿಲ್ಲ.

ಎಸೆದ. ಒಂದೇ ಬಿತ್ತು. ನನ್ನ ಕಡೆ ಮುಖ ಮಾಡಿ, "ಎಷ್ಟ ಬಿತ್ತೋ ಶಿವಲಿಂಗಾ?" ಎಂದ. ನಾನು ಏನು ಹೇಳಿದೆ ಗೊತ್ತೇ? ಏಳು ವರ್ಷದ ಸುಳ್ಳಿಗೆ ಸಿಡಿದೆದ್ದು ಬಂದ ಇದೇ ಬಾಯಿಂದ, "ಎಂಟು" ಎಂದೆ! ನನ್ನ ದನಿ ಕೇಳಿ ನಾನೇ ಬೆಚ್ಚಿದೆ. ಅಂದು ಅವನು ಗೆದ್ದ. ನನ್ನನ್ನು ತಬ್ಬಿಕೊಂಡ. ಗೆದ್ದ ಹುರುಪಿನಲ್ಲಿ ಬಸ್ಸು ಹತ್ತಿದ, ಲಾರಿಗಳು ಹಾರಿಬರುವ ಅಮೀನಗಡದ ಹೆದ್ದಾರಿಯಲ್ಲಿ ಒಬ್ಬನೇ ಇಳಿದು ದಾಟಿದ. ಕಣ್ಣಿದ್ದ ನಾನು ಅವನನ್ನು ಅಲ್ಲಿಗೆ ಕಳಿಸಿದೆ. ಅಂದಿನಿಂದ ಅನ್ನ ರುಚಿಸಿಲ್ಲ.

ಇದೂ ನಿಮಗೆ ಗೊತ್ತಿತ್ತೇ, ಬಳಗದ ಬಂಧುಗಳೇ? ಯಾಕೆ ಎಲ್ಲರೂ ಜಮಖಾನೆ ನೋಡುತ್ತಿದ್ದೀರಿ? ನೀವು ಕೆಟ್ಟವರಲ್ಲ, ನನಗೆ ಗೊತ್ತು. ಒಳ್ಳೆಯವರೇ. ಒಳ್ಳೆಯವರೆಲ್ಲ ಕೂಡಿ ಏಳು ವರ್ಷ ನನ್ನನ್ನು ಕತ್ತಲಲ್ಲಿ ಕೂರಿಸಿ ಚಪ್ಪಾಳೆ ತಟ್ಟಿದಿರಿ. ನಿನ್ನೆ ಬಂದ ಹುಡುಗಿ ಬೈಸಿಕೊಂಡು ಬೆಳಕು ಕೊಟ್ಟಳು. ಈ ಶಾಲು ಆಕೆಗೆ ಸಲ್ಲಬೇಕು. ಚೇತನಾ, ಅಂದು ಆಡಿದ ಮಾತು ನನ್ನ ತಪ್ಪು. ಇಷ್ಟು ಜನರೆದುರು ಒಪ್ಪಿಕೊಳ್ಳುತ್ತೇನೆ.

ಲೇ ಅಂದಾನಪ್ಪ, ಕೇಳಿಲ್ಲಿ. ಹೋದ ಅಮಾಸಿಗೆ ನಿನಗ ಬಿದ್ದದ್ದು ಎಂಟಲ್ಲೋ, ಒಂದು. ನಾ ಸುಳ್ಳ ಹೇಳಿದೆ. ಸಿಟ್ಟ ಬಂತೇನು? ಬರಲಿ, ನನಗೂ ಬಂದಿತ್ತು. ಇವತ್ತ ಅಮೀನಗಡಕ್ಕ ಹೋಗಂಗಿಲ್ಲ ನೀ, ನಮ್ಮನ್ಯಾಗ ಇರು. ನಾಳೆ ಮುಂಜಾನೆ ಬಾಗಲಕೋಟಿ ಬಸ್ಸಿಗೆ ನಾನೂ ಬರ್ತೇನಿ. ಪಟ್ಟಿ ಬಿಚ್ಚಿದ ಮ್ಯಾಲೆ ಎದುರಾಬದುರ ಕುಂತು ಆಡೂಣು. ಆವಾಗ ಸೋಲಪ್ಪ ಯಾರಂತ ನೋಡೂಣು.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಇಷ್ಟು ಹೊತ್ತು ಅವಲಕ್ಕಿ ಆರಲು ಬಿಟ್ಟು ನನ್ನ ಬೈಗುಳ ಕೇಳಿದ ನಿಮಗೆಲ್ಲರಿಗೂ ಕೃತಜ್ಞತೆಗಳು, ನಮಸ್ಕಾರ.

ಏ ಅಂದಾನಪ್ಪ, ಏಳಬ್ಯಾಡ, ಕೂಡ್ರು. ವೇದಿಕಿ ಇಳಿಯಾಕ ಮೂರು ಮೆಟ್ಟಿಲ ಅದಾವ. ನಾ ಬಂದು ಕೈ ಹಿಡೀತೇನಿ.