ಹಿಮ್ಮಡಿಗೆ ಕಟ್ಟಿದ ಮೈಕು

ರಾತ್ರಿ ಹನ್ನೊಂದೂವರೆ ಆಗಿತ್ತಂತೆ. ನಮ್ಮ ಚಿಕ್ಕಪ್ಪನ ಮಗ ತಾಲೀಮು ಮುಗಿಸಿ, ಪಾಳುಬಾವಿ ಪಕ್ಕದ ಓಣೀಲಿ ಮನೆಗೆ ಬರ್ತಿದ್ದ. ನಾಟಕಗಳಿಗೆ ಸದ್ದು ಮಾಡಿಕೊಡೋದು ಅವನ ಕೆಲಸ. ಸದಾ ವೈರು ಸುತ್ಕೊಂಡಿರ್ತಾನೆ ಅಂತ ನಾವೆಲ್ಲ ಅವನನ್ನ ತಂತಿ ಅಂತೀವಿ.

ಅವತ್ತು ಒಬ್ಬನೇ ನಡೆಯೋ ಸದ್ದು ಹಿಡೀಬೇಕಿತ್ತು. ಪರದೆ ಕಿತ್ತ ಹಳೇ ಲ್ಯಾಪ್‌ಟಾಪು ಬ್ಯಾಗಲ್ಲಿ, ಬಟಾಣಿಯಷ್ಟು ಮೈಕು ಹಿಮ್ಮಡಿಗೆ, ಹೆಡ್‌ಫೋನು ಕಿವಿಗೆ. ಈ ವೇಷ ನೋಡಿ ಪೊಲೀಸರು ಹಿಡಿದ್ರೆ ಬಿಡಿಸೋಕೆ ನಾನಂತೂ ಬರಲ್ಲ ಅಂದಿದ್ಲಂತೆ ಹೆಂಡತಿ.

ಟಪ್... ಟಪ್... ಅವನ ಚಪ್ಪಲಿ. ಬಾವಿ ದಾಟಿದ ಮೇಲೆ, ನಡುವೆ ಇನ್ನೊಂದು ಸದ್ದು. ಪಚ್... ಪಚ್... ಒದ್ದೆ ಬರಿಗಾಲು. ಹೆಡ್‌ಫೋನು ತೆಗೆದ. ಏನೂ ಇಲ್ಲ. ಹಾಕ್ಕೊಂಡ... ಪಚ್.

ಓಡಲಿಲ್ಲ. ಹೆಂಗೋ ಮನೆ ಬಾಗಿಲಿಗೆ ಬಂದು ತಟ್ಟೋಕೆ ಕೈ ಎತ್ತಿದ. ಆಗ ಹಿಂದೆ, ಹಿಮ್ಮಡಿ ಹತ್ರಾನೇ, ಅವನ ಮಗಳ ದನಿ. "ಅಪ್ಪಾ... ಬಾಗಿಲು ತೆಗೆಸು."

ಸಂದಿಗೆ ಬಾಯಿಟ್ಟು ಹೆಂಡತಿಯನ್ನ ಕರೆದ. "ಮಗು ಎಲ್ಲಿ?"

"ನನ್ನ ಪಕ್ಕಾನೇ ಮಲಗಿದ್ದಾಳಲ್ಲ. ಯಾಕೆ?"

"ತೆಗೀಬೇಡ. ನಾನೇ ಹೇಳಿದ್ರೂ ತೆಗೀಬೇಡ."

ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಹೆಡ್‌ಫೋನು ತೆಗೆಯೋ ಹಾಗಿಲ್ಲ, ತೆಗೆದ್ರೆ ಅದು ಎಲ್ಲಿದೆ ಅಂತ ಗೊತ್ತಾಗಲ್ಲ. ಅದು ಅಳ್ತು. ಚಳಿ ಅಂತು. ಮಗಳ ದನೀಲೇ. ಅದು ಅವಳಲ್ಲ ಅಂತ ಗೊತ್ತಿದ್ರೂ ಎರಡು ಸಲ ಕೈ ಚಾಚಿ ಹಿಂದಕ್ಕೆ ಎಳ್ಕೊಂಡನಂತೆ. ಒಳಗೆ ಹೆಂಡತಿಯೂ ಬಾಗಿಲಿಗೆ ಒರಗಿ ಕೂತೇ ಇದ್ಲು. ಬೆಳಗಿನ ಮೊದಲ ಬಸ್ಸು ಗುರ್ ಅಂತ ಹೋದಾಗ ಆ ದನಿ ನಿಂತಿತು.

ಆ ಸದ್ದನ್ನ ಅವನು ನಾಟಕಕ್ಕೆ ಕೊಡಲಿಲ್ಲ. ಈಗಲೂ ಮಗಳು ಹಿಂದಿನಿಂದ ಕರೆದ್ರೆ ತಿರುಗಲ್ಲ. ಎದುರಿಗೆ ಬಾ ಪುಟ್ಟಾ ಅಂತಾನೆ. ಪಾಪ, ಮಗೂಗೆ ಏನು ಗೊತ್ತು, ಆಟ ಅಂದ್ಕೊಂಡಿದೆ.

ಅವತ್ತು ಬೆಳಗಾಗ್ತಿದ್ದಂಗೆ ಅವನು ಬಂದಿದ್ದು ನನ್ನ ರಿಪೇರಿ ಅಂಗಡಿಗೇ. ಹಿಮ್ಮಡಿಯಿಂದ ಮೈಕು ಬಿಚ್ಚಿದವನು ನಾನು, ಇದೇ ಕೈಲಿ. ಅದಕ್ಕೆ ಬೆಸುಗೆ ಹಾಕಿದ್ದೂ ನಾನೇ, ಹಿಂದಿನ ದಿನ ಸಂಜೆ. ಮೈಕಿನ ಎರಡೂ ವೈರು ಬಿಟ್ಕೊಂಡಿದ್ವು, ಅದರಿಂದ ಹೆಡ್‌ಫೋನಿಗೆ ಏನೂ ಬರೋ ಹಾಗೇ ಇರಲಿಲ್ಲ. ತುದಿಯ ತಾಮ್ರ ಎಷ್ಟೋ ವರ್ಷ ಹಳೇದರ ಹಾಗೆ ಹಸಿರುಗಟ್ಟಿತ್ತು.