ಚಿವುಟದೆ ಬಿಟ್ಟ ಸಾಲು

ವೇಣೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಅನಂತಮತಿಯ ಕಿವಿ ನೆಟ್ಟಗಾದದ್ದು ಟೊಮೆಟೊದ ಮಾತು ಕೇಳಿ. ಬೆಳಿಗ್ಗೆಯಷ್ಟೇ ಅವಳೂ ತನ್ನ ಗಿಡಗಳ ಚಿಗುರು ಚಿವುಟಿ ಬಂದಿದ್ದಳು. ಪಕ್ಕದ ಬೆಂಚಿನಲ್ಲಿ ಇಬ್ಬರು ಗೆಳತಿಯರು ಕೂತಿದ್ದರು.

“ಕೆಲಸದಿಂದ ಯಾಕೆ ಬಿಡಿಸಿದರು, ವಿಜೇತಾ?”

“ಟೊಮೆಟೊ ಗಿಡದಲ್ಲಿ ಕಾಯಿ ಇಲ್ಲ, ನಿನ್ನ ಕೈಗುಣ ಸರಿ ಇಲ್ಲ ಅಂದರು ಯಜಮಾನ್ತಿ. ಎಲೆಸಂದಿನ ಚಿಗುರೆಲ್ಲ ಚಿವುಟು ಅಂತ ವಿಡಿಯೋ ತೋರಿಸಿದ್ದೂ ಅವರೇ.”

“ಚಿವುಟಬೇಕಲ್ಲ ಮಾರಾಯ್ತಿ?”

“ಬಳ್ಳಿಯ ಹಾಗೆ ಏರುತ್ತಾ ಹೋಗುವ ಜಾತಿಗೆ ಚಿವುಟಬೇಕು. ಇದು ಗಿಡ್ಡ ಜಾತಿ, ಶಶಿಪ್ರಭಾ. ತುದಿಯಲ್ಲೇ ಹೂ ಬಿಟ್ಟು ನಿಲ್ತದೆ. ಮತ್ತೆ ಕಾಯಿ ಬರುವುದೇ ಆ ಚಿಗುರುಗಳಲ್ಲಿ.”

“ಹೇಳಲಿಲ್ಲವಾ?”

“ಹೇಳಿದೆ. ವಿಡಿಯೋದವನಿಗಿಂತ ನಿನಗೆ ಹೆಚ್ಚು ಗೊತ್ತುಂಟಾ ಅಂದರು. ಹಿಂದಿನ ಒಂದು ಸಾಲನ್ನು ಮಾತ್ರ ನಾನು ಮುಟ್ಟಲಿಲ್ಲ. ಅದರಲ್ಲಿ ಗೊಂಚಲು ಗೊಂಚಲು ಕಾಯಿ.”

“ತೋರಿಸಬೇಕಿತ್ತು.”

“ತೋರಿಸಿದೆ. ಅದು ನನ್ನ ಮಗ ನೀರು ಹಾಕಿದ ಸಾಲು ಅಂದರು.”

ಶಶಿಪ್ರಭಾ ನಕ್ಕಳು. ವಿಜೇತಾ ನಗಲಿಲ್ಲ.

“ನಿನ್ನೆ ಯಜಮಾನ್ತಿಯದ್ದೇ ಫೋನು ಬಂದಿತ್ತು. ಆ ಸಾಲು ಹಣ್ಣಾಗಿದೆ, ಕೊಯ್ಯಲಿಕ್ಕೆ ಬಾ ಅಂತ.”

“ಕೊಯ್ಯಲಿಕ್ಕೆ ನಿನ್ನ ಕೈ ಆಗ್ತದಾ? ಹೋಗ್ತೀಯಾ?”

“ನೀರು ಹಾಕಿದ ಮಗನೇ ಕೊಯ್ಯಲಿ ಅಂದೆ. ಮೂಡಬಿದ್ರೆಯ ನರ್ಸರಿಯಲ್ಲಿ ಜನ ಬೇಕಂತೆ, ಅಲ್ಲಿ ಕೇಳುವ. ಬಾ, ಬಸ್ಸು ಬಂತು.”

ಇಬ್ಬರೂ ಹತ್ತಿ ಹೋದರು. ಅನಂತಮತಿಯ ಹೆಬ್ಬೆರಳ ಉಗುರಿನಲ್ಲಿ ಬೆಳಗಿನ ಹಸಿರು ಹಾಗೆಯೇ ಇತ್ತು. ತನ್ನ ಗಿಡಗಳ ತುದಿಯಲ್ಲಿ ಹೂವಿತ್ತೋ ಎಲೆಯಿತ್ತೋ, ಅವಳು ನೋಡಿಯೇ ಇರಲಿಲ್ಲ.