ಆರು ಅಂಕಿ ಹೇಳಿದ ಸಾಹುಕಾರ

ಬಯಲುಸೀಮೆಯ ಒಂದು ಪೇಟೆ. ಆ ಪೇಟೆಯಲ್ಲಿ ಶೇಂಗಾ ಎಣ್ಣೆ ಮಿಲ್ಲಿನ ಸಾಹುಕಾರನೊಬ್ಬನಿದ್ದ, ಮಲಕಾಜಪ್ಪ ಅಂತ ಹೆಸರು. ಹುಷಾರಿ ಅಂದರೆ ಎಂಥ ಹುಷಾರಿ ಅಂತೀರಿ? ಚೀಲದ ಬಾಯಿ ಬಿಚ್ಚದೆ, ಮೂಸಿಯೇ ಕಾಳಿನ ತೇವ ಹೇಳುತ್ತಿದ್ದ. ತನಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ನೋಡಿ, ಹೀಗೆ ಹೇಳಿಕೊಳ್ಳುವವನಿಗೆ ಒಂದು ತೊಂದರೆ ಇದೆ. ಮೋಸ ಹೋದ ದಿನ ಅವನಿಗೆ ಅದನ್ನು ಯಾರ ಮುಂದೆಯೂ ಹೇಳಲಾಗುವುದಿಲ್ಲ.

ಒಂದು ಮಧ್ಯಾಹ್ನ ಅವನ ಫೋನ್ ರಿಂಗಾಯಿತು. ಮಾತು ಬಹಳ ಮೆತ್ತಗಿತ್ತು. ಆಚೆಯವನು ತೆರಿಗೆ ಕಚೇರಿಯವನು ಎಂದ. ಸಾಹುಕಾರನ ಪೂರ್ತಿ ಹೆಸರು, ಮಿಲ್ಲಿನ ಹೆಸರು, ಪ್ಯಾನ್ ನಂಬರು ಎಲ್ಲ ಒಪ್ಪಿಸಿದ. ಅವೆಲ್ಲ ಅವನಿಗೆ ಹೇಗೆ ಸಿಕ್ಕವು? ಸಾಹುಕಾರ ಸಿಮ್ ಕೊಳ್ಳುವಾಗ ಪ್ಯಾನ್, ಆಧಾರಿನ ಜೆರಾಕ್ಸ್ ಒಂದು ಕೊಟ್ಟಿದ್ದ, ಲಾಡ್ಜಿನಲ್ಲಿ ಒಂದು ಕೊಟ್ಟಿದ್ದ, ಇನ್ನೆಲ್ಲೆಲ್ಲಿ ಕೊಟ್ಟಿದ್ದನೋ ಅವನಿಗೇ ನೆನಪಿರಲಿಲ್ಲ. ನಮಗಾದರೂ ನೆನಪಿದೆಯೇ?

ನಿಮಗೆ ಬರಬೇಕಾದ ತೆರಿಗೆ ರೀಫಂಡ್ ನಿಂತಿದೆ, ಸಂಜೆ ಐದರೊಳಗೆ ಖಾತೆ ಖಾತ್ರಿ ಮಾಡದಿದ್ದರೆ ಹಣ ವಾಪಸ್ ಹೋಗುತ್ತದೆ ಎಂದ ಆಚೆಯವನು. ತೆರಿಗೆಯ ಕೆಲಸವೆಲ್ಲ ನೋಡುತ್ತಿದ್ದವನು ಲೆಕ್ಕ ಬರೆಯುವ ದಿವಾಣಜಿ ರಾಚಯ್ಯ. ಅವನು ಊಟಕ್ಕೆ ಹೋಗಿದ್ದ, ಅರ್ಧ ಗಂಟೆಯಲ್ಲಿ ಬರುವವನಿದ್ದ. ಅವನು ಬರಲಿ, ಕೇಳಿ ಹೇಳುತ್ತೇನೆ ಎಂದ ಸಾಹುಕಾರ. ಆಚೆಯವನು ಸಣ್ಣಗೆ ನಕ್ಕ.

“ಮಾಲಕರು ನೀವೋ, ದಿವಾಣಜಿನೋ ಸಾಹುಕಾರ್ರ?”

ಅಷ್ಟೇ. ಅಷ್ಟೇ ಸಾಕಾಯಿತು. ಆಚೆಯವನು ಕಳಿಸಿದ ಲಿಂಕನ್ನು ಸಾಹುಕಾರ ಒತ್ತಿದ. ರಾಚಯ್ಯನ ಲೆಕ್ಕದ ವಹಿಯಲ್ಲಿದ್ದ ತೆರಿಗೆ ಖಾತೆಯ ಪಾಸ್‌ವರ್ಡ್ ನೋಡಿ ಹಾಕಿದ. ಪ್ಯಾನ್, ಆಧಾರ್ ಫೋಟೋ ಕಳಿಸಿದ. ಓಟಿಪಿ ಬಂತು, ಆ ಆರು ಅಂಕಿಗಳನ್ನು ಬಿಡಿಸಿ ಬಿಡಿಸಿ ಓದಿ ಹೇಳಿದ. ಫೋನ್ ಕಟ್ಟಾಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಬ್ಯಾಂಕಿಗೆ ಓಡಿದ. ಖಾತೆಯಲ್ಲಿ ಒಂದು ರೂಪಾಯಿಯೂ ಹೋಗಿರಲಿಲ್ಲ. ಹಾಗಾದರೆ ಏನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಮನಸ್ಸು ಒಪ್ಪುತ್ತದೆಯೇ? ಫೋನ್ ಮಿಸುಕಿದರೆ ಬೆಚ್ಚುತ್ತಿದ್ದ. ಗಾದಿಯ ಮೇಲೆ ಕೂತರೆ ಏಳಬೇಕು, ಎದ್ದರೆ ಕೂರಬೇಕು. ಅಂಚೆಯವನ ಸೈಕಲ್ ಕಂಡರೆ ಒಳಗೆ ಹೋಗುತ್ತಿದ್ದ. ಯಾಕೆ ಹೀಗಾಗಿದ್ದೀರಿ ಎಂದು ಹೆಂಡತಿ ಕೇಳಿದರೆ ಪಿತ್ತ ಎಂದ. ಹೀಗೆ ಮೂರು ತಿಂಗಳು ಕಳೆಯಿತು.

ಆಮೇಲೆ ತೆರಿಗೆ ಕಚೇರಿಯ ನೋಟಿಸ್ ಬಂತು. ಅವನ ಹೆಸರಿನಲ್ಲಿ ಯಾರೋ ತಿದ್ದಿದ ತೆರಿಗೆ ರಿಟರ್ನ್ ಸಲ್ಲಿಸಿದ್ದರು. ಇಲ್ಲದ ಖರ್ಚು ತೋರಿಸಿ, ಅವನದೇ ಕಾಗದಗಳಿಂದ ತೆರೆದ ಬೇರೊಂದು ಖಾತೆಗೆ ಲಕ್ಷಗಟ್ಟಲೆ ರೀಫಂಡ್ ಪಡೆದಿದ್ದರು. ಸುಳ್ಳು ಲೆಕ್ಕಕ್ಕೆ ಜವಾಬು ಕೊಡಬೇಕಾದವನು ಯಾರು? ಮಲಕಾಜಪ್ಪ.

ರಾಚಯ್ಯ ನೋಟಿಸನ್ನು ಎರಡು ಸಲ ಓದಿದ. ಇದು ತಾನು ಕಳಿಸಿದ್ದಲ್ಲ, ಪಾಸ್‌ವರ್ಡ್ ಇನ್ನಾರಿಗೋ ಸಿಕ್ಕಿದೆ ಎಂದ. ಹಮಾಲರೆಲ್ಲ ಚೀಲ ಇಳಿಸಿ ನಿಂತು ನೋಡುತ್ತಿದ್ದರು. ಆ ಹೊತ್ತಿಗೆ ಸಾಹುಕಾರ ನಿಜ ಹೇಳಬಹುದಿತ್ತು. ಅವನ ಬಾಯಲ್ಲಿ ಬಂದದ್ದು ಬೇರೆ.

“ಪಾಸ್‌ವರ್ಡ್ ಗೊತ್ತಿದ್ದದ್ದು ನಿನಗೊಬ್ಬನಿಗೇ ಅಲ್ಲೇನೋ, ರಾಚಯ್ಯ?”

ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನು ರಾಚಯ್ಯ. ಕನ್ನಡಕ ಜೇಬಿಗೆ ಹಾಕಿಕೊಂಡು, ಬೀಗದ ಕೈ ಗಾದಿಯ ಮೇಲಿಟ್ಟು ಹೊರಟುಹೋದ. ಸಂಜೆಯೊಳಗೆ ದಿವಾಣಜಿ ಕಳ್ಳ ಎಂಬ ಮಾತು ಪೇಟೆಯೆಲ್ಲ ಹರಡಿತು. ದಲಾಲಿಯ ಅಡತಿ ಅಂಗಡಿಯವರು ರಾಚಯ್ಯನಿಗೆ ಕೆಲಸ ಕೊಡಲಿಲ್ಲ. ಮಗಳ ಸಂಬಂಧ ನೋಡಲು ಬರಬೇಕಿದ್ದವರು ಬರಲಿಲ್ಲ.

ಈ ಸುದ್ದಿ ಸಾಹುಕಾರನ ಕಿವಿಗೆ ಬಿದ್ದಾಗ ಅವನು ಊಟಕ್ಕೆ ಕೂತಿದ್ದ. ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಮೊದಲು ನೋಟಿಸಿನ ಹೆದರಿಕೆ ಒಂದೇ ಇತ್ತು. ಈಗ ಅದಕ್ಕಿಂತ ದೊಡ್ಡದೊಂದು ಒಳಗೆ ಕೊರೆಯತೊಡಗಿತು. ಕೈ ತೊಳೆದುಕೊಂಡು ನೇರ ರಾಚಯ್ಯನ ಮನೆಗೆ ನಡೆದ. ರಾಚಯ್ಯನ ಹೆಂಡತಿ ನೀರು ತಂದಿಟ್ಟಳು. ಸಾಹುಕಾರ ತಂಬಿಗೆ ಮುಟ್ಟದೆ, ಆ ಮಧ್ಯಾಹ್ನ ನಡೆದದ್ದನ್ನೆಲ್ಲ ನೆಲ ನೋಡುತ್ತ ಹೇಳಿದ.

ರಾಚಯ್ಯ ತಂಬಿಗೆಯನ್ನು ಅವನತ್ತ ಸರಿಸಿದ. ಆಮೇಲೆ ಅಂದ, “ಇಲ್ಲಿ ಬಂದು ಹೇಳಿದ್ರಿ, ಛಲೋ ಆತ್ರಿ. ಆದ್ರ ನನ್ನ ಕಳ್ಳ ಅಂದದ್ದು ಇಲ್ಲಲ್ಲ.”

ಮರುದಿನ ಮಿಲ್ಲಿನಲ್ಲಿ ಯಂತ್ರ ನಿಲ್ಲಿಸಿ ಸಾಹುಕಾರ ಹಮಾಲರ ಮುಂದೆ ನಿಂತ. “ಫೋನಿನ್ಯಾಗ ನಂಬರ್ ಕೊಟ್ಟಾವ ನಾನು. ರಾಚಯ್ಯ ಏನೂ ಮಾಡಿಲ್ಲ,” ಎಂದ. ಯಾರೂ ನಗಲಿಲ್ಲ. ಒಬ್ಬ ಮುದುಕ ಹಮಾಲ ಮಾತ್ರ, ತನ್ನ ಮಗನಿಗೂ ಇಂಥ ಫೋನ್ ಬಂದಿತ್ತೆಂದು ಮೆಲ್ಲಗೆ ಹೇಳಿದ.

ಸಾಹುಕಾರನನ್ನು ಸೈಬರ್ ಪೊಲೀಸರ ಹತ್ತಿರ ಕರೆದುಕೊಂಡು ಹೋದವನು ರಾಚಯ್ಯನೇ. ಆ ದಿನವೇ ತಿಳಿಸಿದ್ದರೆ ಪಾಸ್‌ವರ್ಡ್ ಬದಲಿಸಿ, ಕಚೇರಿಗೆ ಬರೆದು, ಮೊದಲೇ ತಡೆಯಬಹುದಿತ್ತು ಎಂದರು ಅಧಿಕಾರಿ. ಸುಳ್ಳು ರಿಟರ್ನ್ ತನ್ನದಲ್ಲ ಎಂದು ಸಾಬೀತು ಮಾಡಲು ಸಾಹುಕಾರ ಒಂದು ವರ್ಷ ಅಲೆದ. ಕೊನೆಗೆ ಹೆಸರು ಶುದ್ಧವಾಯಿತು. ರಾಚಯ್ಯನ ಮಗಳ ಮದುವೆಯೂ ಆಯಿತು. ಆದರೆ ರಾಚಯ್ಯ ಮಿಲ್ಲಿಗೆ ತಿರುಗಿ ಬರಲಿಲ್ಲ. ಸಾಹುಕಾರ ಮೂರು ಸಲ ಕರೆದ, ಅವನು ಮೂರು ಸಲವೂ ಕೈಮುಗಿದ.

ಈಗ ಪ್ರವಚನಕ್ಕೆ ಬಂದ ನಿಮ್ಮನ್ನು ಕೇಳುತ್ತೇನೆ ತಾಯಂದಿರೇ, ಅಪ್ಪಂದಿರೇ. ಅಡುಗೆ ಮನೆಯ ಉಪ್ಪನ್ನಾದರೂ ಕೇಳಿದವರಿಗೆ ಹೆಸರು ಕೇಳಿ ಕೊಡುತ್ತೀರಿ, ಆಧಾರ್ ಪ್ರತಿಯನ್ನು ಯಾಕೆ ಹಾಗೇ ಕೊಡುತ್ತೀರಿ? ಅದರ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಅಡ್ಡಗೆರೆ ಎಳೆದು ಬರೆಯಿರಿ. ತೆರಿಗೆ ಕಚೇರಿ ಫೋನಿನಲ್ಲಿ ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ, ಓಟಿಪಿ ಕೇಳುವುದಿಲ್ಲ. ಕೇಳುವುದೇ ಇಲ್ಲ. ಇವತ್ತೇ, ಈಗಲೇ ಎಂದು ಯಾರಾದರೂ ಅವಸರ ಮಾಡಿದರೆ ಅದೇ ಮೋಸದ ಗುರುತು, ಫೋನ್ ಇಡಿ. ಲಿಂಕ್ ಒತ್ತಬೇಡಿ, ಜಾಲತಾಣದ ಹೆಸರನ್ನು ನೀವೇ ಹಾಕಿ ತೆರೆಯಿರಿ. ನಿಮ್ಮ ಹೆಸರಿನಲ್ಲಿ ಏನೇನು ದಾಖಲಾಗಿದೆ ಎಂದು ಆಗಾಗ ನೋಡಿ, ಓದಲು ಬಾರದಿದ್ದರೆ ನಂಬಿಕಸ್ತರಿಂದ ಓದಿಸಿ. ಅದರಲ್ಲಿ ಸಣ್ಣತನವೇನಿದೆ?

ಇಷ್ಟಾದರೂ ಮೋಸ ಹೋಗಬಹುದು. ಹೋದರೆ ಮುಚ್ಚಿಡಬೇಡಿ. ಮೋಸ ಹೋದದ್ದು ಪಾಪವಲ್ಲ, ಆ ಭಾರವನ್ನು ಇನ್ನೊಬ್ಬನ ತಲೆಯ ಮೇಲೆ ಹಾಕಿದ್ದು ಪಾಪ.

ಇಲ್ಲಿ ಕೂತವರಲ್ಲೂ ಒಬ್ಬರಿರಬಹುದು. ನಿನ್ನೆಯೋ ಮೊನ್ನೆಯೋ ಯಾರಿಗೋ ಆರು ಅಂಕಿ ಹೇಳಿ, ಮನೆಯಲ್ಲಿ ಹೇಳದೆ, ಎದೆ ಹಿಡಿದುಕೊಂಡು ನನ್ನ ಮಾತು ಕೇಳುತ್ತಿರಬಹುದು. ಅಂಥವರಿದ್ದರೆ ಕೊನೆಯ ಮಂಗಳಾರತಿಗೆ ಕಾಯಬೇಡಿ. ಈಗಲೇ ಎದ್ದು ಹೊರಗೆ ಹೋಗಿ ಸೈಬರ್ ಮೋಸದ ದೂರಿನ ನಂಬರು ೧೯೩೦ಕ್ಕೆ ಫೋನ್ ಮಾಡಿ. ನನ್ನ ಪ್ರವಚನದ ನಡುವೆ ಎದ್ದು ಹೋದಿರೆಂದು ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ದಾರಿ ಬಿಡಿ.